ಮಾಟುಶೆಕ್ ಅಂಗಡಿಯ ಕ್ರಿಸ್‌ಮಸ್: ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತು ಅಂದ್ರೆ ಗೆಳೆಯರಿಗೆ, ನೆಂಟರಿಗೆ, ಆಫೀಸಿನವರಿಗೆ ಒಂದೇ ಸಿನಿಮಾ ನೋಡಿ ಅಂತ ದುಂಬಾಲು ಬೀಳುವುದು ನನ್ನ ಹಳೇ ಚಾಳಿ. ಜನ ಕಡೆಗಣಿಸಿದ ಸಿನಿಮಾ ಇದು, ಬರೀ ಒಂದು ಜೋಡಿಯದ್ದಲ್ಲ, ಅಂಗಡಿಯ ಎಲ್ಲರ ಸಿನಿಮಾ ಅಂತ ವಾದವನ್ನೂ ಮಾಡುತ್ತೇನೆ. ಅವರು ನೋಡುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಕೆಲವರು ನೋಡದೆಯೇ ಕೇಳುತ್ತಾರೆ. ವರ್ಷವರ್ಷವೂ ಅವೇ ಪ್ರಶ್ನೆಗಳು ಬರುತ್ತಿರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲ ಭಾಗವನ್ನು ಸಿನಿಮಾ ನೋಡದವರೂ ಧೈರ್ಯವಾಗಿ ಓದಬಹುದು. ಎರಡನೇ ಭಾಗದಿಂದ ಕಥೆಯ ಗುಟ್ಟುಗಳು ಹೊರಗೆ ಬೀಳುತ್ತವೆ.

## ನೋಡುವ ಮೊದಲು

ಯಾವ ಸಿನಿಮಾ ಇದು? ಕಥೆ ಏನು ಅಂತ ಚಿಕ್ಕದಾಗಿ ಹೇಳಿ.

1940ರ ಅಮೆರಿಕನ್ ಸಿನಿಮಾ. ಎಂಜಿಎಂ ಸಂಸ್ಥೆಯದ್ದು. ನಿರ್ದೇಶಕ ಅರ್ನ್ಸ್ಟ್ ಲೂಬಿಚ್, ಚಿತ್ರಕಥೆ ಸ್ಯಾಮ್ಸನ್ ರಾಫೆಲ್ಸನ್. ಬುಡಾಪೆಸ್ಟ್ ನಗರದಲ್ಲಿ ಚರ್ಮದ ಸಾಮಾನು ಮಾರುವ ಒಂದು ಅಂಗಡಿ. ಹ್ಯಾಂಡ್‌ಬ್ಯಾಗು, ಸೂಟ್‌ಕೇಸು, ಪರ್ಸು, ಅಂಥವೆಲ್ಲ. ಮಾಲೀಕ ಮಾಟುಶೆಕ್. ಅಲ್ಲಿ ಕೆಲಸ ಮಾಡುವ ಕ್ರಾಲಿಕ್ ಮತ್ತು ಕ್ಲಾರಾ ಹಗಲೆಲ್ಲ ಹಾವು ಮುಂಗುಸಿ ಥರ ಕಚ್ಚಾಡುತ್ತಾರೆ. ಆದರೆ ಇಬ್ಬರೂ ಹೆಸರು ಹೇಳದ ಒಬ್ಬ ಪತ್ರಮಿತ್ರರಿಗೆ ಮನಸ್ಸು ಬಿಚ್ಚಿ ಪತ್ರ ಬರೆಯುತ್ತಿದ್ದಾರೆ. ಆ ಪತ್ರಮಿತ್ರ ಯಾರು ಅಂತ ನೀವು ಈಗಾಗಲೇ ಊಹಿಸಿಬಿಟ್ಟಿರಿ. ಪರವಾಗಿಲ್ಲ, ಸಿನಿಮಾ ಕೂಡ ಅದನ್ನು ದೊಡ್ಡ ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ.

ಕಪ್ಪು ಬಿಳುಪು, ಅದೂ 1940ರದ್ದು. ಬೋರ್ ಆಗಲ್ವಾ?

ಮೊದಲ ಹತ್ತು ನಿಮಿಷ ಹೆಸರುಗಳ ಗೊಂದಲ ಇರುತ್ತೆ, ಅಷ್ಟೇ. ಆಮೇಲೆ ಓಡುತ್ತೆ. ಒಟ್ಟು ಅವಧಿ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಮಾತು ತುಂಬಾ ಇದೆ, ಹಾಗಾಗಿ ಮೊಬೈಲ್ ನೋಡ್ತಾ ನೋಡ್ತಾ ನೋಡುವ ಸಿನಿಮಾ ಅಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಹಳೇ ಧ್ವನಿಮುದ್ರಣ, ಮೇಲಾಗಿ ಪಾತ್ರಗಳು ಪಟಪಟ ಮಾತಾಡುತ್ತವೆ.

‘ಯೂವ್ ಗಾಟ್ ಮೇಲ್’ ನೋಡಿದ್ದೀನಿ. ಅದೇ ಕಥೆ ಅಂತಾರಲ್ಲ, ಮತ್ತೆ ಯಾಕೆ ನೋಡಬೇಕು?

1998ರ ಆ ಸಿನಿಮಾ ಇದರ ಮರುರೂಪವೇ. ಅದರಲ್ಲಿ ಮೆಗ್ ರಯಾನ್ ನಡೆಸುವ ಪುಸ್ತಕದಂಗಡಿಗೆ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಅಂತಲೇ ಹೆಸರಿಟ್ಟು ಹಳೆಯದಕ್ಕೆ ಒಂದು ನಮಸ್ಕಾರ ಹಾಕಿದ್ದಾರೆ. ಆದರೆ ಅಲ್ಲಿಂದ ಬಂದವರಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿದೆ. ಹೊಸದರಲ್ಲಿ ಇಬ್ಬರೂ ಪೈಪೋಟಿಯ ಅಂಗಡಿಗಳ ಒಡೆಯರು. ಹಳೆಯದರಲ್ಲಿ ಇಬ್ಬರೂ ಸಂಬಳಕ್ಕೆ ದುಡಿಯುವವರು. ಒಂದೇ ಗಲ್ಲಾಪೆಟ್ಟಿಗೆ, ಒಬ್ಬನೇ ಸಾಹುಕಾರ, ಯಾವತ್ತು ಬೇಕಾದರೂ ಹೋಗಬಹುದಾದ ಕೆಲಸ. ಈ ಒಂದು ಬದಲಾವಣೆಯಿಂದ ಜಗಳದ ಬಣ್ಣವೇ ಬೇರೆ ಆಗುತ್ತೆ.

ಮಕ್ಕಳ ಜೊತೆ ಕೂತು ನೋಡಬಹುದಾ?

ಹತ್ತು ಹನ್ನೆರಡು ವರ್ಷ ದಾಟಿದ ಮಕ್ಕಳ ಜೊತೆ ಆರಾಮಾಗಿ ನೋಡಬಹುದು. ಆದರೆ ನಡುವೆ ಒಂದು ಪಾತ್ರ ಆತ್ಮಹತ್ಯೆಗೆ ಪ್ರಯತ್ನಿಸುತ್ತದೆ. ರಕ್ತ ಗಿಕ್ತ ಏನೂ ತೋರಿಸುವುದಿಲ್ಲ, ಜೀವಕ್ಕೆ ಏನೂ ಆಗುವುದಿಲ್ಲ. ಆದರೂ ಹಬ್ಬದ ಹಾಸ್ಯಚಿತ್ರ ಅಂತ ನಂಬಿ ಕೂತವರಿಗೆ ಅದು ಎದೆಗೆ ಹೊಡೆದ ಹಾಗಾಗುತ್ತೆ. ಮನೆಯಲ್ಲಿ ಅಂಥ ನೋವು ಕಂಡವರಿದ್ದರೆ ಮೊದಲೇ ಹೇಳಿಬಿಡಿ.

ಕ್ರಿಸ್‌ಮಸ್ ಸಿನಿಮಾ ಅಂತೀರಿ, ಶುರುವಲ್ಲಿ ಬೇಸಿಗೆ ಇದೆಯಲ್ಲ?

ಹೌದು, ಕಥೆ ಬೇಸಿಗೆಯಲ್ಲಿ ಶುರುವಾಗಿ ಒಂದೇ ಜಿಗಿತಕ್ಕೆ ಡಿಸೆಂಬರಿಗೆ ಬರುತ್ತದೆ. ಇಲ್ಲಿ ಚರ್ಚು, ಪವಾಡ, ಹಿಮಸಾರಂಗದ ಗಾಡಿ ಯಾವುದೂ ಇಲ್ಲ. ಅಂಗಡಿಯವರಿಗೆ ಹಬ್ಬ ಅಂದರೆ ಏನು? ಸೀಸನ್. ಶೋಕೇಸ್ ಸಿಂಗರಿಸಲು ರಾತ್ರಿ ನಿಲ್ಲಬೇಕು, ಸ್ಟಾಕ್ ಲೆಕ್ಕ ಹಾಕಬೇಕು, ಖರ್ಚಾಗದ ಮಾಲಿಗೆ ಬೆಲೆ ಇಳಿಸಿ ಚೀಟಿ ಅಂಟಿಸಬೇಕು. ಎಲ್ಲರ ಮನೆಯಲ್ಲಿ ಹಬ್ಬ ನಡೆಯುವಾಗ ಇವರು ನಿಂತೇ ಇರಬೇಕು. ಆ ಕಡೆಯಿಂದ ಕ್ರಿಸ್‌ಮಸ್ಸನ್ನು ನೋಡುವ ಸಿನಿಮಾಗಳು ಬಹಳ ಕಡಿಮೆ.

ನಮ್ಮಪ್ಪ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಸೇಲ್ಸ್‌ಮನ್ ಆಗಿದ್ದವರು. ದೀಪಾವಳಿ ಅಂದರೆ ನಮಗೆ ಪಟಾಕಿ, ಅವರಿಗೆ ಕಾಲುನೋವು. ಅವರ ಜೊತೆ ಈ ಸಿನಿಮಾ ನೋಡಿದ ಮೇಲೇ ನನಗೆ ಇದು ಸರಿಯಾಗಿ ಅರ್ಥವಾಗಿದ್ದು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ನನಗಿಂತ ಮೊದಲು ಅವರೇ ನಗುತ್ತಿದ್ದರು.

## ಅಂಗಡಿಯ ಜನ

ಇದು ಇಬ್ಬರ ಪ್ರೇಮಕಥೆ ತಾನೇ? ಎಲ್ಲರ ಸಿನಿಮಾ ಅಂತ ಯಾಕೆ ಹಠ ಮಾಡ್ತೀರಿ?

ನಾನಲ್ಲ, ಸಿನಿಮಾ ತಾನೇ ಹಾಗೆ ಹೇಳಿಕೊಳ್ಳುತ್ತದೆ. ಶುರುವಿನಲ್ಲಿ ತೆರೆಯ ಮೇಲೆ ಒಂದು ಬರಹ ಬರುತ್ತದೆ. ಇದು ಮಾಟುಶೆಕ್ ಅಂಡ್ ಕಂಪನಿಯ ಕಥೆ, ಮಾಟುಶೆಕ್ ಮತ್ತು ಅವರ ಕೈಕೆಳಗೆ ದುಡಿಯುವ ಜನರ ಕಥೆ ಅಂತ. ಆಮೇಲೆ ವಿಳಾಸ: ಆಂಡ್ರಾಶಿ ರಸ್ತೆಯಿಂದ ಮೂಲೆ ತಿರುಗಿದರೆ ಸಿಗುವ ಬಾಲ್ಟಾ ಬೀದಿ, ಬುಡಾಪೆಸ್ಟ್. ಪ್ರೀತಿ, ಪತ್ರ ಅಂತ ಒಂದು ಮಾತೂ ಇಲ್ಲ.

ಮೊದಲ ದೃಶ್ಯವೂ ಅಷ್ಟೇ. ಬೆಳಿಗ್ಗೆ ಅಂಗಡಿ ಮುಂದೆ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಬಾಗಿಲು ತೆರೆದಿಲ್ಲ. ಹಿಂದಿನ ರಾತ್ರಿ ಕ್ರಾಲಿಕ್ ಸಾಹುಕಾರರ ಮನೆಯ ಊಟಕ್ಕೆ ಹೋಗಿದ್ದ, ಹೊಟ್ಟೆ ಕೆಟ್ಟಿದೆ. ಹುಡುಗನ ಹತ್ತಿರ ಸೋಡಾಪುಡಿ ತರಿಸುತ್ತಾನೆ. ಉಳಿದವರು ಊಟ ಹೇಗಿತ್ತು, ಯಾರ್‍ಯಾರು ಬಂದಿದ್ದರು ಅಂತ ಕೆದಕುತ್ತಾರೆ. ಅಷ್ಟರಲ್ಲಿ ಟ್ಯಾಕ್ಸಿಯಲ್ಲಿ ಮಾಟುಶೆಕ್ ಬರುತ್ತಾರೆ. ಈ ಕೆಲವೇ ನಿಮಿಷಗಳಲ್ಲಿ ಯಾರಿಗೆ ಯಾರ ಮೇಲೆ ಹೊಟ್ಟೆಯುರಿ, ಯಾರು ಬಾಲ ಅಲ್ಲಾಡಿಸುವವರು, ಯಾರಿಗೆ ಭಯ, ಎಲ್ಲ ಗೊತ್ತಾಗಿಬಿಡುತ್ತೆ. ನಾಯಕಿ ಇನ್ನೂ ಕಥೆಯೊಳಗೆ ಕಾಲೇ ಇಟ್ಟಿಲ್ಲ! ಅಪ್ಪ ಇಲ್ಲಿ ಒಂದೇ ಮಾತು ಹೇಳಿದ್ದು: “ಬೀಗದ ಕೈ ಯಾವಾಗ್ಲೂ ಸಾಹುಕಾರ್ರ ಹತ್ರಾನೇ ಇರುತ್ತೆ ನೋಡು.”

ಹೆಸರುಗಳೇ ತಲೆಗೆ ಹತ್ತಲ್ಲ. ಯಾರು ಯಾರು ಅಂತ ಹೇಳ್ತೀರಾ?

ಕ್ರಾಲಿಕ್ ಆಗಿ ಜೇಮ್ಸ್ ಸ್ಟೀವರ್ಟ್, ಕ್ಲಾರಾ ಆಗಿ ಮಾರ್ಗರೆಟ್ ಸಲ್ಲವನ್. ಮಾಟುಶೆಕ್ ಪಾತ್ರದ ಫ್ರಾಂಕ್ ಮಾರ್ಗನ್ ಅದರ ಹಿಂದಿನ ವರ್ಷವಷ್ಟೇ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ಮಾಂತ್ರಿಕನಾಗಿದ್ದವರು. ತೆಳ್ಳಗಿನ, ಸಾಧು ಸ್ವಭಾವದ ಹಿರಿಯ ಗುಮಾಸ್ತ ಪಿರೋವಿಚ್, ಅಂದರೆ ಫೀಲಿಕ್ಸ್ ಬ್ರೆಸ್ಸಾರ್ಟ್. ಶೋಕಿಲಾಲ ವಾಡಾಸ್ ಆಗಿ ಜೋಸೆಫ್ ಶಿಲ್ಡ್‌ಕ್ರೌಟ್. ಸೈಕಲ್ ಹುಡುಗ ಪೆಪಿಯಾಗಿ ವಿಲಿಯಂ ಟ್ರೇಸಿ. ಇನ್ನು ಫ್ಲೋರಾ ಮತ್ತು ಇಲೋನಾ ಅಂತ ಇಬ್ಬರು ಹೆಂಗಸರು. ಅವರಿಗೆ ಮಾತು ಕಡಿಮೆ ಸಿಕ್ಕಿದೆ, ಅದು ನನಗೆ ಈಗಲೂ ಸ್ವಲ್ಪ ಬೇಸರವೇ.

ಪಿರೋವಿಚ್ ಅಂದ್ರೆ ಎಲ್ಲರಿಗೂ ಯಾಕೆ ಅಷ್ಟು ಇಷ್ಟ? ಅವನು ಮಾಡೋದು ಏನೂ ಇಲ್ವಲ್ಲ?

ಓಡಿಹೋಗುತ್ತಾನೆ, ಅದೇ ಅವನು ಮಾಡೋದು. ಮಾಟುಶೆಕ್‌ಗೆ ಒಂದು ಚಟ. ಯಾವುದಾದರೂ ಮಾಲು ಕೈಯಲ್ಲಿ ಹಿಡಿದು, ನಿಮ್ಮ ಪ್ರಾಮಾಣಿಕ ಅಭಿಪ್ರಾಯ ಹೇಳಿ ಅಂತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಮೆಟ್ಟಿಲು ಇಳಿದು ಬರುತ್ತಿದ್ದ ಪಿರೋವಿಚ್ ಹಾಗೇ ತಿರುಗಿ ಸರಸರ ಮೇಲೆ ಹತ್ತಿಬಿಡುತ್ತಾನೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಾತಿಲ್ಲ, ಬರೀ ಕಾಲು. ಸಾಹುಕಾರರಿಗೆ ಪ್ರಾಮಾಣಿಕ ಅಭಿಪ್ರಾಯ ಕೊಟ್ಟರೆ ಏನಾಗುತ್ತೆ ಅಂತ ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ಗೊತ್ತು.

ಅವನ ಇನ್ನೊಂದು ಮುಖ ಕ್ರಾಲಿಕ್ ಜೊತೆಗಿನ ಮಾತಿನಲ್ಲಿ ಕಾಣುತ್ತೆ. ನನ್ನಂಥ ಸಂಬಳದವನು ಮದುವೆ ಆದರೆ ಸಂಸಾರ ನಡೆಯುತ್ತಾ ಅಂತ ಕ್ರಾಲಿಕ್ ಕೇಳುತ್ತಾನೆ. ದೊಡ್ಡ ಮನೆ ಯಾಕೆ, ಊಟ ಅಡುಗೆಮನೆಯಲ್ಲೇ ಆಗುತ್ತೆ ಅಂತಾನೆ ಪಿರೋವಿಚ್. ನೆಂಟರಿಷ್ಟರು ಬಂದರೆ? ನೀನೇನು ರಾಯಭಾರಿಯಾ, ನಿಜವಾದ ಸ್ನೇಹಿತ ಊಟ ಮುಗಿಸಿಕೊಂಡೇ ಬರ್ತಾನೆ ಅಂತಾನೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರು ಯಾರೇ ಆಗಲಿ, ಈ ದೃಶ್ಯಕ್ಕೆ ನಗದೆ ಇರಲಾರರು.

ಪೆಪಿ ಅಧಿಕಪ್ರಸಂಗಿ ಅನ್ನಿಸ್ತಾನೆ. ಅವನನ್ನ ಯಾಕೆ ಮೆಚ್ಕೋಬೇಕು?

ಅಧಿಕಪ್ರಸಂಗಿಯೇ. ಅದರಲ್ಲಿ ಎರಡು ಮಾತಿಲ್ಲ. ಸಾಹುಕಾರರ ಹೆಂಡತಿ ಹೇಳಿದ ಕೆಲಸಕ್ಕೆಲ್ಲ ಅವನೇ ಓಡಬೇಕು, ವಾಡಾಸ್‌ನ ದರ್ಪವನ್ನೂ ಸಹಿಸಬೇಕು. ಮಾಟುಶೆಕ್ ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆ ಸೇರಿದಾಗ ಡಾಕ್ಟರು ಅವನನ್ನು ನೀನು ಯಾರು ಅಂತ ಕೇಳುತ್ತಾರೆ. ತಾನು ಅಂಗಡಿಗೂ ಗಿರಾಕಿಗಳಿಗೂ ನಡುವೆ ಸಂಪರ್ಕ ಇಡುವ ಮನುಷ್ಯ, ಸೈಕಲ್ ಮೇಲೆ, ಅಂತ ಬಿಗುಮಾನದಿಂದ ಹೇಳುತ್ತಾನೆ. ಓ, ಸಾಮಾನು ತಲುಪಿಸೋ ಹುಡುಗನಾ ಅಂದಾಗ, ನಾನು ನಿಮ್ಮನ್ನ ಮಾತ್ರೆ ಮಾರೋನು ಅಂತ ಕರೆದ್ನಾ ಅಂತ ತಿರುಗಿಸಿ ಕೊಡುತ್ತಾನೆ.

ಸಾಹುಕಾರರ ಜೀವ ಉಳಿಸಿದವನು ಅವನೇ. ಉಳಿಸಿ ಸುಮ್ನೆ ಇರುವ ಪೈಕಿಯಲ್ಲ. ಮಂಚದ ಪಕ್ಕ ನಿಂತು ಬಡ್ತಿ ಗಿಟ್ಟಿಸಿಕೊಳ್ಳುತ್ತಾನೆ. ಗುಮಾಸ್ತ ಆದ ಮೇಲೆ ತನ್ನ ಜಾಗಕ್ಕೆ ಬಂದ ಹೊಸ ಹುಡುಗ ರೂಡಿಯ ಮೇಲೆ ಅದೇ ದರ್ಪ ಚಲಾಯಿಸುತ್ತಾನೆ, ನಿನ್ನೆಯವರೆಗೆ ತನ್ನ ಮೇಲೆ ಇತರರು ಚಲಾಯಿಸಿದ್ದನ್ನೇ. ಸಿನಿಮಾ ಇದನ್ನು ಬೈಯುವುದಿಲ್ಲ, ತೋರಿಸಿ ಮುಂದೆ ಹೋಗುತ್ತೆ. ಯಾವ ಅಂಗಡಿಯಲ್ಲಾದರೂ ಹೀಗೇ ತಾನೇ?

ಮಾಟುಶೆಕ್ ಒಳ್ಳೆಯವನಾ, ಕೆಟ್ಟವನಾ? ನನಗೆ ತೀರ್ಮಾನ ಮಾಡೋಕೆ ಆಗಲಿಲ್ಲ.

ತೀರ್ಮಾನ ಆಗದ ಹಾಗೇ ಬರೆದಿದ್ದಾರೆ. ಅವರಿಗೆ ಕ್ರಾಲಿಕ್ ಅಂದರೆ ಮಗನ ಹಾಗೆ. ಹೆಂಡತಿಗೆ ಅಂಗಡಿಯವನೊಬ್ಬನ ಜೊತೆ ಸಂಬಂಧ ಇದೆ ಅಂತ ಒಂದು ಅನಾಮಧೇಯ ಪತ್ರ ಬರುತ್ತದೆ. ಮನೆಗೆ ಬಂದು ಹೋಗುವವನು ಕ್ರಾಲಿಕ್, ಆದ್ದರಿಂದ ಅವನೇ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಕಾರಣ ಹೇಳದೆ ಕಿರಿಕಿರಿ ಮಾಡುತ್ತಾರೆ, ಕೊನೆಗೆ ಕ್ರಿಸ್‌ಮಸ್ ಹತ್ತಿರ ಇರುವಾಗಲೇ ಕೆಲಸದಿಂದ ತೆಗೆಯುತ್ತಾರೆ.

ಆ ದೃಶ್ಯವನ್ನು ಗಮನವಿಟ್ಟು ನೋಡಿ. ಕ್ರಾಲಿಕ್ ಕೋಣೆಯಿಂದ ಹೊರಗೆ ಬರುತ್ತಾನೆ. ಕೈಯಲ್ಲಿ ಒಂದು ಪತ್ರ, ಈತ ಇಷ್ಟು ವರ್ಷ ನಮ್ಮಲ್ಲಿ ಕೆಲಸ ಮಾಡಿದ್ದಾನೆ ಅನ್ನುವ ಒಣ ಶಿಫಾರಸು. ಅದನ್ನು ಜೊತೆಗಾರರ ಮುಂದೆ ಓದುತ್ತಾನೆ. ಯಾರೂ ಜೋರಾಗಿ ಏನೂ ಹೇಳುವುದಿಲ್ಲ. ಅವನ ಪರವಾಗಿ ಮಾತಾಡಿದರೆ ಮುಂದಿನ ಪತ್ರ ತಮಗೇ ಅಂತ ಎಲ್ಲರಿಗೂ ಗೊತ್ತು. ಅಂಥ ಮೌನವನ್ನು ನಾನು ನಮ್ಮ ಮನೆಯಲ್ಲಿ ನೋಡಿದ್ದೇನೆ. ಅಪ್ಪನ ಜೊತೆಗಾರರೊಬ್ಬರನ್ನು ಒಂದು ಹಬ್ಬದ ಸೀಸನ್‌ನಲ್ಲಿ ಹೀಗೇ ತೆಗೆದಿದ್ದರು. ಅವತ್ತು ರಾತ್ರಿ ಅಪ್ಪ ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು.

ಸಂಬಂಧ ಇದ್ದದ್ದು ವಾಡಾಸ್‌ಗೆ ಅಂತ ತಾವೇ ನೇಮಿಸಿದ್ದ ಪತ್ತೇದಾರ ಬಂದು ಹೇಳಿದಾಗ ಮಾಟುಶೆಕ್ ಕುಸಿಯುತ್ತಾರೆ. ಹೆಂಡತಿಯ ಮೋಸ ಒಂದು ಕಡೆ, ತಾನು ಮಗನಂಥವನಿಗೆ ಮಾಡಿದ ಅನ್ಯಾಯ ಇನ್ನೊಂದು ಕಡೆ. ಆಮೇಲೆ ತಪ್ಪು ಒಪ್ಪಿಕೊಳ್ಳುತ್ತಾರೆ, ಕ್ರಾಲಿಕ್‌ನನ್ನು ಮ್ಯಾನೇಜರ್ ಮಾಡುತ್ತಾರೆ. ಒಳ್ಳೆಯ ಮನುಷ್ಯ, ಸರಿ. ಆದರೆ ಒಳ್ಳೆಯ ಮನುಷ್ಯನ ಒಂದು ಸಂಜೆಯ ಸಿಟ್ಟಿಗೆ ಒಬ್ಬನ ಅನ್ನ ಹೋಗಬಹುದು ಅಂತ ಗೊತ್ತಾದ ಮೇಲೆ ಅವರನ್ನು ಪೂರ್ತಿ ನಂಬಲು ನನಗೆ ಆಗುವುದಿಲ್ಲ.

ಪತ್ರ ಬರೀತಿರೋದು ಕ್ಲಾರಾ ಅಂತ ಗೊತ್ತಾದ ಮೇಲೂ ಕ್ರಾಲಿಕ್ ಅವಳನ್ನ ಆಟ ಆಡಿಸ್ತಾನಲ್ಲ, ಅದು ತಪ್ಪಲ್ವಾ?

ಇವತ್ತಿನ ಕಣ್ಣಿಗೆ ಚುಚ್ಚುತ್ತೆ. ನನಗೂ ಚುಚ್ಚುತ್ತೆ. ಅವನಿಗೆ ಎಲ್ಲ ಗೊತ್ತು, ಅವಳಿಗೆ ಏನೂ ಗೊತ್ತಿಲ್ಲ. ಕೊನೆಯಲ್ಲಂತೂ ನಿನ್ನ ಪತ್ರಮಿತ್ರ ಪಾಪ್‌ಕಿನ್ ಅಂತ ಒಬ್ಬ ದಪ್ಪನೆಯ ಮನುಷ್ಯ ಅಂತ ಸುಳ್ಳು ಹೇಳಿ ಅವಳ ಮುಖ ಬಾಡಿಸುತ್ತಾನೆ.

ಆದರೆ ಅವನ ಕಡೆಯಿಂದಲೂ ಒಂದು ಮಾತಿದೆ. ಕೆಲಸ ಕಳೆದುಕೊಂಡ ಅದೇ ರಾತ್ರಿ ಅವನು ಅವಳನ್ನು ಕಾಣಲು ಕೆಫೆಗೆ ಹೋಗಿದ್ದು. ಗುರುತಿಗೆ ಕೆಂಪು ಕಾರ್ನೇಶನ್ ಹೂವು ಮತ್ತು ‘ಅನ್ನಾ ಕರೆನಿನಾ’ ಪುಸ್ತಕ. ಒಳಗೆ ಇಣುಕುವ ಧೈರ್ಯ ಅವನಿಗಿಲ್ಲ, ಪಿರೋವಿಚ್ ಕಿಟಕಿಯಿಂದ ನೋಡಿ ಹೇಳುತ್ತಾನೆ. ಕ್ರಾಲಿಕ್ ಏನೂ ಹೇಳದೆ ಎದುರು ಕೂತಾಗ ಕ್ಲಾರಾ ಅವನ ನೀರಿಳಿಸುತ್ತಾಳೆ. ನಿನ್ನ ಎದೆ ಬಗೆದರೆ ಹೃದಯದ ಜಾಗದಲ್ಲಿ ಹ್ಯಾಂಡ್‌ಬ್ಯಾಗು, ಆತ್ಮದ ಜಾಗದಲ್ಲಿ ಸೂಟ್‌ಕೇಸು, ಬುದ್ಧಿಯ ಜಾಗದಲ್ಲಿ ಹತ್ತದ ಲೈಟರ್ ಸಿಗುತ್ತೆ ಅಂತಾಳೆ. ಬೈಗುಳಕ್ಕೂ ಅಂಗಡಿಯ ಮಾಲೇ! ಜಗಳದಲ್ಲೂ ಇವರು ಕೌಂಟರ್ ಬಿಟ್ಟು ಆಚೆ ಬಂದಿಲ್ಲ. ಕೊನೆಗೆ ಅವಳು ಅವನನ್ನು ಲೆಕ್ಕಕ್ಕಿಲ್ಲದ ಗುಮಾಸ್ತ ಅನ್ನುತ್ತಾಳೆ. ಕೆಲವೇ ಗಂಟೆಗಳ ಹಿಂದೆ ಗುಮಾಸ್ತಿಕೆಯೂ ಕೈಬಿಟ್ಟವನಿಗೆ ಆ ಮಾತು ಹೇಗೆ ತಾಗುತ್ತೆ ಅಂತ ಸ್ಟೀವರ್ಟ್ ಮುಖ ನೋಡಿ. ಆಮೇಲೆ ಅವನು ಹೊತ್ತು ತೆಗೆದುಕೊಳ್ಳುವುದು ಆಟಕ್ಕಿಂತ ಜಾಸ್ತಿ ಭಯದಿಂದ ಅಂತ ನನ್ನ ಲೆಕ್ಕ. ಒಪ್ಪದಿದ್ದರೆ ಜಗಳವಿಲ್ಲ.

ಆ ಹಾಡುವ ಸಿಗರೇಟ್ ಡಬ್ಬಿಗೆ ಏನಾದ್ರೂ ಅರ್ಥ ಇದೆಯಾ?

ಮುಚ್ಚಳ ತೆಗೆದರೆ ‘ಓಚಿ ಚೋರ್ನಿಯೆ’ ಅನ್ನುವ ರಷ್ಯನ್ ಹಾಡು ಟಿಣಿಟಿಣಿ ಅಂತ ಕೇಳುವ ಡಬ್ಬಿ ಅದು. ಚೆನ್ನಾಗಿ ಹೋಗುತ್ತೆ ಅಂತ ಮಾಟುಶೆಕ್. ಬೇಡ ಅಂತ ಕ್ರಾಲಿಕ್. ದಿನಕ್ಕೆ ಇಪ್ಪತ್ತು ಸಲ ಸಿಗರೇಟಿಗೆ ಕೈ ಹಾಕುವವನು ಇಪ್ಪತ್ತು ಸಲ ಅದೇ ಹಾಡು ಕೇಳಬೇಕಲ್ಲ! ಅಷ್ಟರಲ್ಲಿ ಕೆಲಸ ಕೇಳಿಕೊಂಡು ಬಂದ ಕ್ಲಾರಾ ಡಬ್ಬಿಯನ್ನು ಕೈಗೆತ್ತಿಕೊಂಡು ಒಬ್ಬ ಗಿರಾಕಿಗೆ ಮಿಠಾಯಿ ಡಬ್ಬಿ ಅಂತ ಮಾರಿಬಿಡುತ್ತಾಳೆ. ಸಿಹಿಗೆ ಕೈ ಹಾಕಿದಾಗೆಲ್ಲ ಹಾಡು ಎಚ್ಚರಿಸುತ್ತೆ, ಮೈ ಬರಲ್ಲ ಅಂತ. ಅವಳಿಗೆ ಕೆಲಸ ಸಿಗುತ್ತೆ. ಕ್ರಾಲಿಕ್‌ಗೆ ಅವಮಾನ. ಅವರ ಜಗಳದ ಬೀಜ ಇಲ್ಲಿದೆ.

ತಮಾಷೆ ಅಂದರೆ ಕ್ರಾಲಿಕ್ ಹೇಳಿದ್ದೇ ನಿಜವಾಗುತ್ತೆ. ಡಿಸೆಂಬರಿನಲ್ಲಿ ಆ ಡಬ್ಬಿಗಳು ಬೆಲೆ ಇಳಿಸಿಕೊಂಡು ಶೋಕೇಸಿನಲ್ಲಿ ಬಿದ್ದಿರುತ್ತವೆ. ಕ್ಲಾರಾ ಪತ್ರಮಿತ್ರನಿಗೆ ಉಡುಗೊರೆಯಾಗಿ ಅದನ್ನೇ ಕೊಡಲು ಹೊರಡುತ್ತಾಳೆ. ಕ್ರಾಲಿಕ್ ಗಾಬರಿಯಾಗಿ, ಪರ್ಸ್ ಕೊಡಿಸುವ ಹಾಗೆ ಮಾಡಪ್ಪಾ ಅಂತ ಪಿರೋವಿಚ್ ಕಾಲು ಹಿಡಿಯುವುದೊಂದು ಬಾಕಿ. ಅರ್ಥ ಗಿರ್ಥ ನನಗೆ ಗೊತ್ತಿಲ್ಲ. ಒಂದು ಕೆಟ್ಟ ಮಾಲು ಆರು ತಿಂಗಳು ಒಂದು ಅಂಗಡಿಯನ್ನು ಹೇಗೆ ಕಾಡುತ್ತೆ ಅಂತ ಅಪ್ಪನಂಥವರನ್ನು ಕೇಳಿ.

## ಇನ್ನೂ ಸ್ವಲ್ಪ ಆಳಕ್ಕೆ

ಅಮೆರಿಕದ ಸಿನಿಮಾ, ಎಲ್ಲರೂ ಇಂಗ್ಲಿಷ್ ಮಾತಾಡ್ತಾರೆ. ಮತ್ತೆ ಬುಡಾಪೆಸ್ಟ್ ಯಾಕೆ?

ಮೂಲ ಹಂಗೇರಿಯದ್ದು. ಮಿಕ್ಲೋಶ್ ಲಾಸ್ಲೊ ಬರೆದ ನಾಟಕ, ಹೆಸರು ‘ಇಲ್ಲಾಟ್ಸೆರ್ಟಾರ್’. ಅಲ್ಲಿ ಇದ್ದದ್ದು ಸುಗಂಧದ್ರವ್ಯದ ಅಂಗಡಿ. ಸಿನಿಮಾದಲ್ಲಿ ಅದು ಚರ್ಮದ ಸಾಮಾನಿನ ಅಂಗಡಿ ಆಯಿತು, ಊರು ಮಾತ್ರ ಉಳಿಯಿತು.

ಊರು ಉಳಿದದ್ದಕ್ಕೆ ಲೂಬಿಚ್‌ಗೆ ಸ್ವಂತ ಕಾರಣವೂ ಇತ್ತು ಅನ್ನಿಸುತ್ತೆ. ಅವರು ಹುಟ್ಟಿದ್ದು ಬರ್ಲಿನ್‌ನಲ್ಲಿ, 1892ರಲ್ಲಿ. ಅವರಪ್ಪನಿಗೆ ಬಟ್ಟೆ ವ್ಯಾಪಾರ. ಹುಡುಗ ಹಗಲು ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆದು ಸಂಜೆ ನಾಟಕಕ್ಕೆ ಓಡುತ್ತಿದ್ದ. ಅಮೆರಿಕಕ್ಕೆ ಹೋಗಿ ಶ್ರೀಮಂತರ, ರಾಜಕುಮಾರರ, ಠಕ್ಕರ ಹಾಸ್ಯಚಿತ್ರಗಳಿಂದ ಹೆಸರು ಮಾಡಿದ ಮೇಲೆ ಮತ್ತೆ ಆ ಕೌಂಟರಿನ ಹಿಂದಕ್ಕೆ ಬಂದದ್ದು ಈ ಸಿನಿಮಾದಲ್ಲಿ. 1947ರಲ್ಲಿ, ಸಾಯುವ ಕೆಲವು ತಿಂಗಳ ಮೊದಲು ಬರೆದ ಒಂದು ಪತ್ರದಲ್ಲಿ, ವಾತಾವರಣ ಮತ್ತು ಪಾತ್ರಗಳು ಇಷ್ಟು ನಿಜವಾಗಿ ಮೂಡಿದ ಚಿತ್ರ ತಾನು ಬೇರೆ ಮಾಡಿಲ್ಲ ಅನ್ನುವ ಅರ್ಥದ ಮಾತು ಹೇಳಿದ್ದಾರೆ. ಸಲ್ಲವನ್ ಹಾಕಿಕೊಂಡ ಉಡುಪು ಅಂಗಡಿ ಹುಡುಗಿಗೆ ತೀರಾ ಚೆನ್ನಾಗಿ ಕಾಣುತ್ತೆ ಅಂತ ಅದನ್ನು ಬಿಸಿಲಿಗೆ ಹಾಕಿ ಬಣ್ಣ ಮಾಸಿಸಿದರು ಅನ್ನುವ ಕಥೆಯೂ ಇದೆ.

‘ಲೂಬಿಚ್ ಟಚ್’ ಅಂತಾರಲ್ಲ, ಅದು ಈ ಸಿನಿಮಾದಲ್ಲಿ ಎಲ್ಲಿದೆ? ನನಗೆ ಕಾಣಲಿಲ್ಲ.

ಕಾಣದೆ ಇದ್ದರೆ ಅದು ಕೆಲಸ ಮಾಡಿದೆ ಅಂತ ಅರ್ಥ. ತೋರಿಸಬೇಕಾದ್ದನ್ನು ಬಿಟ್ಟು ಅದರ ಪಕ್ಕದ್ದನ್ನು ತೋರಿಸಿ, ಉಳಿದದ್ದನ್ನು ನೋಡುವವರಿಗೆ ಬಿಡುವುದು ಅವರ ರೀತಿ.

ಒಂದು ಶಾಟ್ ಹೇಳುತ್ತೇನೆ. ಅಂಚೆಕಚೇರಿ, ಪೆಟ್ಟಿಗೆ ಸಂಖ್ಯೆ 237. ಕ್ಯಾಮೆರಾ ಇರುವುದು ಒಳಗಡೆ, ಅಂಚೆಯವರು ಕಾಗದ ಹಾಕುವ ಬದಿಗೆ. ಆಚೆಯಿಂದ ಪುಟ್ಟ ಬಾಗಿಲು ತೆರೆಯುತ್ತದೆ. ಕೈಗವಸು ತೊಟ್ಟ ಒಂದು ಕೈ ಒಳಗೆ ಬರುತ್ತದೆ. ತಡಕಾಡುತ್ತದೆ. ಏನೂ ಸಿಗುವುದಿಲ್ಲ. ಕೈ ಹಿಂದೆ ಸರಿಯುತ್ತದೆ, ಆ ಚೌಕದಲ್ಲಿ ಕ್ಲಾರಾಳ ಮುಖ ಬಗ್ಗಿ ನೋಡುತ್ತದೆ. ಅಷ್ಟೇ. ಕೆಲವೇ ಸೆಕೆಂಡು. ಅಳು, ಪಿಟೀಲು ಯಾವುದೂ ಇಲ್ಲ. ಆಮೇಲೆ ಅವಳು ಹಾಸಿಗೆ ಹಿಡಿದಳು ಅಂದಾಗ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು, ಎಷ್ಟೋ ಜನ ಎರಡು ಮೂರು ಸಲ ನೋಡಿದ ಮೇಲೂ ಗಮನಿಸದ್ದು: ಸಾಹುಕಾರರ ಹೆಂಡತಿ ಇಡೀ ಸಿನಿಮಾದಲ್ಲಿ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಎಲ್ಲ ಗಂಡಾಂತರಕ್ಕೂ ಕಾರಣವಾದವಳು ಬರೀ ಫೋನಿನಾಚೆ ಇರುತ್ತಾಳೆ. ಕ್ಯಾಮೆರಾಗೆ ಅಂಗಡಿ ಬಿಟ್ಟು ಅವಳ ಮನೆಗೆ ಹೋಗುವ ಆಸೆಯೇ ಇಲ್ಲ.

1940 ಅಂದ್ರೆ ಯುದ್ಧದ ಕಾಲ. ಅದರ ಸುಳಿವೇ ಇಲ್ವಲ್ಲ, ಇದು ಪಲಾಯನ ಅಲ್ವಾ?

ಯುದ್ಧದ ಸುಳಿವಿಲ್ಲ, ನಿಜ. 1939ರ ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು, ಅದೇ ವರ್ಷದ ಕೊನೆಯಲ್ಲಿ ಈ ಸಿನಿಮಾದ ಚಿತ್ರೀಕರಣ ನಡೆಯಿತು. ಲೂಬಿಚ್ ಯಹೂದಿ. ನಾಜಿ ಸರ್ಕಾರ 1935ರಲ್ಲೇ ಅವರ ಪೌರತ್ವ ಕಿತ್ತುಕೊಂಡಿತ್ತು. ಬ್ರೆಸ್ಸಾರ್ಟ್ ಕೂಡ ನಾಜಿಗಳು ಬಂದ ಮೇಲೆ ಜರ್ಮನಿ ಬಿಟ್ಟವರು. ಸ್ಟುಡಿಯೋದೊಳಗೆ ಆ ಮಧ್ಯ ಯುರೋಪಿನ ಬೀದಿಯನ್ನು ಕಟ್ಟಿದವರಿಗೆ ಅದು ಎಲ್ಲಿಗೆ ಹೊರಟಿದೆ ಅಂತ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇಬ್ಬರೂ 1942ರಲ್ಲಿ ‘ಟು ಬಿ ಆರ್ ನಾಟ್ ಟು ಬಿ’ ಮಾಡಿ ನಾಜಿಗಳನ್ನು ನೇರವಾಗಿಯೇ ಗೇಲಿ ಮಾಡಿದರು.

ಪಲಾಯನ ಅನ್ನುವವರು ಇನ್ನೊಂದು ವಿಷಯ ಗಮನಿಸಲಿ. ಇಲ್ಲಿ ಯುದ್ಧ ಇಲ್ಲ, ಆದರೆ ಆರ್ಥಿಕ ಮುಗ್ಗಟ್ಟು ಇದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಗಲ್ಲಾ ಎಣಿಸಿ ಮಾಟುಶೆಕ್ ಖುಷಿಯಿಂದ, ’28ರ ನಂತರ ಇಷ್ಟು ವ್ಯಾಪಾರ ಆಗಿರಲಿಲ್ಲ ಅನ್ನುತ್ತಾರೆ. 1928 ಅಂದರೆ 1929ರ ಷೇರುಪೇಟೆ ಮಹಾಕುಸಿತದ ಹಿಂದಿನ ವರ್ಷ. ಆ ಒಂದು ಇಸವಿಯಲ್ಲಿ ಎಲ್ಲ ಇದೆ. ಕ್ಲಾರಾ ಕೆಲಸಕ್ಕಾಗಿ ಗೋಗರೆದದ್ದು, ಪಿರೋವಿಚ್ ಮೆಟ್ಟಿಲು ಹತ್ತಿ ಓಡಿದ್ದು, ಜೊತೆಗಾರರು ಬಾಯಿ ಮುಚ್ಚಿಕೊಂಡಿದ್ದು.

ಕಡೆಗಣಿಸಿದ ಸಿನಿಮಾ ಅಂತೀರಿ. ವಿಮರ್ಶಕರೆಲ್ಲ ಹೊಗಳ್ತಾರಲ್ಲ?

ವಿಮರ್ಶಕರ ತಕರಾರಿಲ್ಲ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿಸಿದ್ದಾರೆ. ಆದರೆ ಬಿಡುಗಡೆಯಾದ ವರ್ಷ ಒಂದೇ ಒಂದು ಆಸ್ಕರ್ ನಾಮನಿರ್ದೇಶನವೂ ಸಿಗಲಿಲ್ಲ. ಅದೇ ವರ್ಷದ ಬೇರೊಂದು ಸಿನಿಮಾಕ್ಕೆ, ‘ದಿ ಫಿಲಡೆಲ್ಫಿಯಾ ಸ್ಟೋರಿ’ಗೆ, ಸ್ಟೀವರ್ಟ್ ಆಸ್ಕರ್ ತೆಗೆದುಕೊಂಡರು. ಡಿಸೆಂಬರ್ ಬಂದರೆ ಜನ ಹುಡುಕುವ ಸ್ಟೀವರ್ಟ್ ಸಿನಿಮಾ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಅದೂ ಒಳ್ಳೆಯದೇ, ಅದರಲ್ಲೂ ಸಾಯಲು ಹೊರಟವನೊಬ್ಬ ಇದ್ದಾನೆ, ಕ್ರಿಸ್‌ಮಸ್ ಹಿಂದಿನ ರಾತ್ರಿ. ಅಲ್ಲಿ ಉಳಿಸಲು ಸ್ವರ್ಗದಿಂದ ದೇವದೂತ ಬರುತ್ತಾನೆ, ಇಲ್ಲಿ ಸೈಕಲ್ ಹುಡುಗ ಬರುತ್ತಾನೆ. ನನಗೆ ಯಾವುದು ಹೆಚ್ಚು ಇಷ್ಟ ಅಂತ ಬೇರೆ ಹೇಳಬೇಕಾ?

ನನ್ನ ತಕರಾರು ಹೊಗಳುವವರ ಮೇಲೂ ಇದೆ. ಅವರು ಹೊಗಳುವುದು ಜೋಡಿಯನ್ನು, ಪತ್ರಗಳನ್ನು. ಅಂಗಡಿಯನ್ನು ಹಿನ್ನೆಲೆ ಅಂತ ಬದಿಗೆ ಸರಿಸಿಬಿಡುತ್ತಾರೆ.

ಆಮೇಲೆ ಬಂದ ಮರುರೂಪಗಳಲ್ಲಿ ಯಾವುದು ವಾಸಿ?

1949ರಲ್ಲಿ ಜೂಡಿ ಗಾರ್ಲೆಂಡ್ ಜೊತೆ ಮಾಡಿದ ‘ಇನ್ ದ ಗುಡ್ ಓಲ್ಡ್ ಸಮ್ಮರ್‌ಟೈಮ್’ ಕಥೆಯನ್ನು ಶಿಕಾಗೋದ ಸಂಗೀತದ ಅಂಗಡಿಗೆ ಸಾಗಿಸಿತು. ಹಾಡುಗಳು ಚೆನ್ನಾಗಿವೆ, ನೋಡಿ ಮರೆಯಬಹುದು. 1998ರದ್ದರ ವಿಷಯ ಮೇಲೆ ಹೇಳಿದೆ. ನನ್ನ ಓಟು 1963ರ ಬ್ರಾಡ್‌ವೇ ಸಂಗೀತ ನಾಟಕ ‘ಶೀ ಲವ್ಸ್ ಮಿ’ಗೆ. ಅದು ಮತ್ತೆ ಸುಗಂಧದ್ರವ್ಯದ ಅಂಗಡಿಗೇ ಹೋಯಿತು. ಅಷ್ಟೇ ಅಲ್ಲ, ಗುಮಾಸ್ತರಿಗೂ ಸೈಕಲ್ ಹುಡುಗನಿಗೂ ಸ್ವಂತ ಹಾಡು ಕೊಟ್ಟಿತು. ಸಿನಿಮಾದಲ್ಲಿ ಮೂಲೆಯಲ್ಲಿ ನಿಂತಿದ್ದ ಇಲೋನಾಗೆ ಅಲ್ಲಿ ಒಳ್ಳೆಯ ನ್ಯಾಯ ಸಿಕ್ಕಿದೆ.

ಒಂದೇ ದೃಶ್ಯ ಆರಿಸಿ ಅಂದ್ರೆ ಯಾವುದು? ಕೊನೇದೇ ತಾನೇ?

ಕೊನೆಯದಲ್ಲ, ಅದರ ಹಿಂದಿನದು. ಕ್ರಿಸ್‌ಮಸ್ ಹಿಂದಿನ ರಾತ್ರಿ. ವ್ಯಾಪಾರ ಮುಗಿದಿದೆ, ಬೋನಸ್ ಹಂಚಿ ಆಗಿದೆ. ಹೊರಗೆ ಹಿಮ ಬೀಳುತ್ತಿದೆ. ಮಾಟುಶೆಕ್ ಈಗ ಒಂಟಿ. ಅಂಗಡಿ ಬಾಗಿಲ ಹತ್ತಿರ ನಿಂತು ಹೊರಟವರನ್ನು ಮಾತಾಡಿಸುತ್ತಾರೆ, ಇವತ್ತು ರಾತ್ರಿ ಎಲ್ಲಿಗೆ ಅಂತ. ಯಾರಾದರೂ ಜೊತೆಗೆ ಊಟಕ್ಕೆ ಬರಬಹುದಾ ಅನ್ನುವ ಆಸೆ, ಬಾಯಿಬಿಟ್ಟು ಕೇಳಲು ಸಂಕೋಚ. ಎಲ್ಲರಿಗೂ ಹೋಗಲು ಒಂದೊಂದು ಜಾಗ ಇದೆ. ಒಬ್ಬರಿಗೆ ತಾಯಿ, ಒಬ್ಬರಿಗೆ ಮಕ್ಕಳು. ಪೆಪಿಗಂತೂ ಹುಡುಗಿ.

ಕೊನೆಗೆ ಹೊರಬರುವವನು ರೂಡಿ, ಸೇರಿ ಕೆಲವೇ ದಿನ ಆದ ಹುಡುಗ. ಹದಿನೇಳು ವಯಸ್ಸು. ಈ ಊರಲ್ಲಿ ಅವನಿಗೆ ಯಾರೂ ಇಲ್ಲ. ಮಾಟುಶೆಕ್ ಮುಖ ಅರಳುತ್ತೆ. ಕರುಣೆಯ ಮಾತು ಒಂದೂ ಆಡುವುದಿಲ್ಲ, ಊಟದ ಪಟ್ಟಿ ಶುರು ಮಾಡುತ್ತಾರೆ. ಕೋಳಿ ಸೂಪು ಇಷ್ಟವಾ? ಸೇಬು ತುಂಬಿ ಹುರಿದ ಹೆಬ್ಬಾತು? ಆಲೂಗಡ್ಡೆ, ಬೆಣ್ಣೆ, ಕೆಂಪು ಕೋಸು, ಸೌತೆಕಾಯಿ, ಕೊನೆಗೆ ಸ್ಟ್ರೂಡೆಲ್. ಹುಡುಗನ ಕಣ್ಣು ಒಂದೊಂದು ಪದಾರ್ಥಕ್ಕೂ ದೊಡ್ಡದಾಗುತ್ತಾ ಹೋಗುತ್ತೆ. ಇಬ್ಬರೂ ಟ್ಯಾಕ್ಸಿ ಹತ್ತಿ ಹೋಗುತ್ತಾರೆ.

ಅಪ್ಪನೂ ಅದೇ ವಯಸ್ಸಿಗೆ ಹಳ್ಳಿ ಬಿಟ್ಟು ಅಂಗಡಿ ಸೇರಿದವರು. ಟ್ಯಾಕ್ಸಿ ಹೋದ ಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು ಎದ್ದರು. “ಅಪ್ಪಾ, ಇನ್ನೂ ಇದೆ, ಅವರಿಬ್ಬರಿಗೂ ಈಗ ವಿಷಯ ಗೊತ್ತಾಗುತ್ತೆ” ಅಂದೆ.

“ಅವರು ಹೆಂಗಿದ್ರೂ ಸೇರ್ತಾರೆ ಬಿಡು,” ಅಂತ ಅಡುಗೆಮನೆ ಕಡೆ ಹೋದರು.